ನೂಲು ಇಳಿಯುವ ಹದ

ಆರೋಗ್ಯ ಕೇಂದ್ರದ ತಕ್ಕಡಿಯ ಮುಳ್ಳು ಗಡಗಡ ನಡುಗಿತು. ಏರಿಯೇಬಿಡುತ್ತೇನೆ ಎಂದು ಆಸೆ ತೋರಿಸಿ, ಮತ್ತೆ ಆರೂವರೆ ಕಿಲೋಗೇ ಬಂದು ಬಿದ್ದುಕೊಂಡಿತು. ಎರಡು ತಿಂಗಳಿಂದ ಅದು ಅಲ್ಲೇ ಠಿಕಾಣಿ ಹೂಡಿತ್ತು. ಹುಟ್ಟಿದಾಗ ಆಸ್ಪತ್ರೆಯ ತೊಟ್ಟಿಲೇ ಮುರಿಯುವಷ್ಟು ದುಂಡಗಿದ್ದನೆಂದು ಗುಂಡ ಎಂದು ಕರೆಸಿಕೊಂಡ ಒಂಬತ್ತು ತಿಂಗಳ ಕೂಸು, ಜೋಲಿಯಲ್ಲಿ ಕಾಲು ಒದೆಯುತ್ತ, ಅರ್ಧ ಊರಿಗೆ ಕೇಳುವಂತೆ ಅರಚುತ್ತಿತ್ತು. ದನಿಯೊಂದಕ್ಕೆ ಮಾತ್ರ ಕೊರತೆಯಿರಲಿಲ್ಲ.

"ಹಗಲು ಏನು ಕೊಡ್ತೀರಮ್ಮ?" ಎಂದಳು ನರ್ಸಮ್ಮ.

"ಹಿಟ್ಟಿನ ಗಂಜಿ. ಬೆಳಿಗ್ಗೆ, ಸಂಜೆ ನನ್ನ ಹಾಲು," ಎಂದಳು ತಾಯಿ.

"ಹೊಟ್ಟೆ ತುಂಬ ತಿಂತಾನಾ?"

"ಬಟ್ಟಲು ಸಮೇತ ನುಂಗ್ತಾನೆ," ಎಂದರು ಪಕ್ಕದಲ್ಲಿದ್ದ ಅತ್ತೆ. "ನಾನೇ ತಿನ್ನಿಸೋದು. ನಾಲ್ಕು ಮಕ್ಕಳನ್ನ ಈ ಕೈಯಲ್ಲೇ ಸಾಕಿದ್ದು."

ನರ್ಸಮ್ಮ ಆ ಕೈಯನ್ನೂ ಮಗುವಿನ ಪಕ್ಕೆಲುಬನ್ನೂ ಒಟ್ಟಿಗೆ ನೋಡಿದಳು. "ಹದಿನೈದು ದಿನ ನೋಡ್ತೀನಿ. ಮುಳ್ಳು ಏರ್ಲಿಲ್ಲ ಅಂದ್ರೆ ಅಡ್ಮಿಟ್ ಮಾಡ್ಲೇಬೇಕು."

ಸೊಸೆಯ ಮುಖ ಸುಣ್ಣವಾಯಿತು. ಕಾರಣವಿತ್ತು. ಜಗತ್ತಿನಲ್ಲಿ ಮಕ್ಕಳ ಆಹಾರದ ಬಗ್ಗೆ ಅವಳಿಗಿಂತ ಹೆಚ್ಚು ತಿಳಿದವರು ಯಾರಾದರೂ ಇದ್ದರೆ ಅವರಿನ್ನೂ ಹುಟ್ಟಿರಲಿಲ್ಲ. ಆಹಾರ ಪರೀಕ್ಷೆಯ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷದಿಂದ ಅವಳದ್ದೇ ದರ್ಬಾರು. ಅವಳ ಮೇಜಿನ ತಕ್ಕಡಿಯ ಮೇಲೆ ನೊಣ ಕೂತು ಹಾರಿಹೋದರೆ, ನೊಣದ ತೂಕವಿರಲಿ, ಅದರ ಚಿಂತೆಯ ತೂಕವೂ ಬರುತ್ತಿತ್ತು. ಎಂಥೆಂಥ ಕಂಪನಿಗಳ ಮಾಲೀಕರು ಅವಳ ಸಹಿಗಾಗಿ ಉಗುರು ಕಚ್ಚಿ ಕಚ್ಚಿ ಮೊಣಕೈವರೆಗೂ ಬಂದಿದ್ದರು. ಅಂಥವಳ ಮಗು ಬಟ್ಟಲುಗಟ್ಟಲೆ ತಿಂದು ಸೊರಗುತ್ತಿತ್ತು.

ಗುಂಡನಿಗೆ ಆರು ತಿಂಗಳು ತುಂಬಿದಾಗ ಅತ್ತೆ ತಮ್ಮ ಹಳೆಯ ಕ್ರಮದಲ್ಲೇ ಹಿಟ್ಟು ಮಾಡಿದ್ದರು. ಧಾನ್ಯ, ಕಾಳು ನೆನೆಸಿ, ಒದ್ದೆ ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದ ಹಿಟ್ಟು. ಆ ತಿಂಗಳು ಮುಳ್ಳು ನೆಟ್ಟಗೆ ಏರಿತ್ತು. ಅಷ್ಟರಲ್ಲಿ ಯಾರದೋ ಮನೆಯ ಮೊಳಕೆ ಹಿಟ್ಟಿನಲ್ಲಿ ಬೂಷ್ಟು ಸಿಕ್ಕಿ, ಸೊಸೆ ಪ್ರಯೋಗಾಲಯದಿಂದ ಬಿರುಗಾಳಿಯಂತೆ ಬಂದಿದ್ದಳು. "ಇನ್ನು ಮೇಲೆ ಮೊಳಕೆ ಬೇಡ ಅತ್ತೆ. ತೊಳೆದು, ಒಣಗಿಸಿ, ಹುರಿದು ಬೀಸಿದ್ರೆ ಸಾಕು. ಸತ್ವ ಅಷ್ಟೇ ಇರತ್ತೆ." ಅತ್ತೆ ಒಂದು ಮಾತೂ ಆಡದೆ ಒದ್ದೆ ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕಿದ್ದರು. ಅತ್ತೆ ಮಾತಾಡದೆ ಉಳಿದ ಇನ್ನೊಂದು ದಿನ ಯಾರಿಗೂ ನೆನಪಿಲ್ಲ.

ನರ್ಸಮ್ಮ ಗಡುವು ಕೊಟ್ಟ ಮರುದಿನ ಸೊಸೆ ಎರಡು ಪೊಟ್ಟಣ ತೆಗೆದುಕೊಂಡು ಕೆಲಸಕ್ಕೆ ಹೋದಳು. ಒಂದರಲ್ಲಿ ಈಗಿನ ಹಿಟ್ಟು. ಇನ್ನೊಂದರಲ್ಲಿ, ಅತ್ತೆ ಎಸೆಯಲು ಮನಸ್ಸಾಗದೆ ಡಬ್ಬಿಯ ತಳದಲ್ಲಿ ಬಚ್ಚಿಟ್ಟಿದ್ದ ಮೊಳಕೆ ಹಿಟ್ಟಿನಿಂದ ನಾಲ್ಕು ಚಮಚ.

"ಇದು ಯಾವ ಕಂಪನೀದಮ್ಮ?" ಎಂದು ಕೇಳಿದರು ಹಿರಿಯ ಕೆಮಿಸ್ಟ್.

"ನಮ್ಮತ್ತೆ ಕಂಪನೀದು ಸಾರ್."

ನಾಲ್ಕನೇ ದಿನ ಫಲಿತಾಂಶ ಬಂತು. ಪ್ರೋಟೀನು, ಕಬ್ಬಿಣ, ಸುಣ್ಣದ ಅಂಶ, ಎಲ್ಲ ಭರ್ತಿ. ಎರಡರಲ್ಲೂ ಸರಿಸುಮಾರು ಅಷ್ಟೇ. ಮೊಳಕೆಯದರಲ್ಲಿ ಬೂಷ್ಟಿನ ಸುಳಿವೂ ಇರಲಿಲ್ಲ. ಅವಳು ಮತ್ತೆ ಮಾಡಿದಳು, ಮತ್ತೂ ಮಾಡಿದಳು. ಅಂಕಿಗಳು ಕಲ್ಲಿನಂತೆ ಕೂತಿದ್ದವು. ಅತ್ತೆ ಕದ್ದು ಕಡಿಮೆ ತಿನ್ನಿಸುತ್ತಾರೆಯೇ? ಗುಂಡನಿಗೇ ಏನಾದರೂ ರೋಗವೇ? ಅಥವಾ ಹನ್ನೊಂದು ವರ್ಷದಿಂದ ತಾನು ಕೊಟ್ಟ ವರದಿಗಳೆಲ್ಲ ಬರೀ ಬುರುಡೆಯೇ? ಯೋಚಿಸಿ ಯೋಚಿಸಿ ಅವಳು ಚಪ್ಪಲಿ ಬದಲು ಪ್ರಯೋಗಾಲಯದ ಸ್ಲಿಪ್ಪರಿನಲ್ಲೇ ಮನೆಗೆ ಬಂದಳು.

"ಹಿಟ್ಟು ಮುಗೀತಾ ಅತ್ತೆ? ತಿಂಗಳಾಯ್ತಲ್ಲ."

"ಎಲ್ಲಿ ಮುಗಿಯತ್ತೆ! ನಿನ್ನ ಹಿಟ್ಟು ಭಾರಿ ಒದಗತ್ತೆ ಕಣೇ. ನನ್ನದು ಹದಿನೈದು ದಿನಕ್ಕೇ ಡಬ್ಬಿ ಬಡೀತಿತ್ತು."

ಹೊಗಳಿದರೋ ಚುಚ್ಚಿದರೋ ತಿಳಿಯದೆ ಅವಳು ಗಂಡನ ಮುಖ ನೋಡಿದಳು. ಅವನು ಇಬ್ಬರಿಗೂ ಒಪ್ಪಿಗೆಯಾಗುವಂತೆ ತಲೆಯನ್ನು ಎರಡು ದಿಕ್ಕಿಗೂ ಆಡಿಸಿದ.

ಹದಿನೈದರಲ್ಲಿ ಆರು ದಿನ ಹೀಗೇ ಕಳೆದವು. ಏಳನೆಯ ದಿನ ಹಿರಿಯ ಕೆಮಿಸ್ಟ್ ಅವಳ ಮೇಜಿನ ಮೇಲಿನ ಕಾಗದಗಳನ್ನು ಓದಿ ಮುಗಿಸಿ, ಕನ್ನಡಕ ಒರೆಸಿಕೊಂಡರು.

"ಹಿಟ್ಟು ಚಿನ್ನದಂಗಿದೆ. ನಿಮ್ಮ ಮಗು ಹಿಟ್ಟು ತಿನ್ನತ್ತಾ?"

"ಇಲ್ಲ ಸಾರ್, ಗಂಜಿ."

"ಗಂಜಿ ಎಲ್ಲಿ ಮತ್ತೆ?"

ಅವಳು ಮೇಜಿನ ಮೇಲಿನ ಪೊಟ್ಟಣಗಳತ್ತ ನೋಡಿದಳು. ಪ್ರಯೋಗಾಲಯಕ್ಕೆ ಬರುವುದೆಲ್ಲ ಪೊಟ್ಟಣ, ಡಬ್ಬಿ, ಪುಡಿ. ಎಲ್ಲ ಲೆಕ್ಕವೂ ಒಣ ತೂಕದ್ದೇ. ಬೇಯಿಸಿದ ಬಟ್ಟಲನ್ನು ತಂದುಕೊಡಿ ಎಂದು ಹನ್ನೊಂದು ವರ್ಷದಲ್ಲಿ ಅವಳು ಯಾರನ್ನೂ ಕೇಳಿರಲಿಲ್ಲ.

ಮರುದಿನ ಅತ್ತೆ ಬೇಗ ಎದ್ದು ಕಾಸಿದ ಗಂಜಿಯಲ್ಲಿ ಒಂದಿಷ್ಟನ್ನು ಸೊಸೆ ಬಾಟಲಿಗೆ ತುಂಬಿ ಒಯ್ದಳು. ನೂರು ಗ್ರಾಂ ತೂಗಿ, ಅಗಲ ತಟ್ಟೆಯಲ್ಲಿ ಓವನ್ನಿಗಿಟ್ಟಳು. ಸಂಜೆ ಹೊರತೆಗೆದಾಗ ತಟ್ಟೆಯ ತಳಕ್ಕೆ ಸುಟ್ಟ ಕಾಗದದಂಥ ಒಂದು ಸಿಪ್ಪೆ ಅಂಟಿಕೊಂಡಿತ್ತು. ಏಳು ಗ್ರಾಂ. ಉಳಿದದ್ದೆಲ್ಲ ನೀರು. ನೊಣದ ಚಿಂತೆ ತೂಗುವ ತಕ್ಕಡಿಯೂ ಅದಕ್ಕಿಂತ ಒಂದು ಕಾಳು ಹೆಚ್ಚು ತೋರಿಸಲಿಲ್ಲ.

ಮನೆಗೆ ಬಂದವಳೇ ಅಡುಗೆಮನೆಗೆ ನುಗ್ಗಿದಳು. "ಅತ್ತೆ, ಗಂಜಿಗೆ ಎಷ್ಟು ನೀರು ಹಾಕ್ತೀರಿ?"

"ನೂಲು ಬರೋವರೆಗೆ." ಅತ್ತೆ ಚಮಚ ಎತ್ತಿ ತೋರಿಸಿದರು. ಗಂಜಿ ಚಮಚದಿಂದ ಕಡಿಯದ ನೂಲಿನಂತೆ ಇಳಿಯಬೇಕು. ಅದಕ್ಕಿಂತ ಗಟ್ಟಿಯಾದರೆ ಕೂಸಿನ ಗಂಟಲಲ್ಲಿ ನಿಲ್ಲುತ್ತದೆ. ಅವರ ಅಳತೆಗೋಲು ಅದೊಂದೇ. ಆ ನೂಲಿನಲ್ಲಿ ನಾಲ್ಕು ಮಕ್ಕಳು ಬೆಳೆದಿದ್ದರು.

"ಮೊದ್ಲೂ ಇಷ್ಟೇ ನೀರಾ?"

"ಮೊದ್ಲು ಒಂದು ಲೋಟ. ನಿನ್ನ ಹಿಟ್ಟು ಎಮ್ಮೆ ಥರ ಕುಡಿಯತ್ತೆ. ಒಂದೇ ಲೋಟಕ್ಕೆ ಬಿಟ್ರೆ ಗೋಡೆ ಕಟ್ಬಹುದು. ಮೂರು ಲೋಟ ಹೊಯ್ತೀನಿ."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ಯಾ? ಹಿಟ್ಟು ಕೇಳ್ದೆ, ಡಬ್ಬಿ ಕೇಳ್ದೆ, ಡಬ್ಬಿ ಮುಚ್ಚಳ ತೊಳೆದ್ರಾ ಅಂತ ಕೇಳ್ದೆ. ನೀರು ಕೇಳ್ಲಿಲ್ಲ." ಹೇಳುತ್ತ ಹೇಳುತ್ತ ಅತ್ತೆಯ ದನಿ ಇಳಿಯಿತು. ಚಮಚ ಕೈಯಲ್ಲೇ ನಿಂತಿತು. "ಅಂದ್ರೆ... ಎರಡು ತಿಂಗಳು ನಾನು ಮಗೂಗೆ ನೀರು ಕುಡಿಸಿದ್ನಾ?"

ಸೊಸೆ ಮನಸ್ಸಿನಲ್ಲೇ ತೂಗಿ ನೋಡಿದಳು. ಹಿಟ್ಟು ಸರಿಯಿತ್ತು, ನೂಲೂ ಸರಿಯಿತ್ತು. ಮೊಳಕೆ ಬೇಡವೆಂದದ್ದು ತಾನು, ನೀರು ಹೊಯ್ದದ್ದು ಅವರು. ತಪ್ಪನ್ನು ಯಾವ ತಟ್ಟೆಗೆ ಹಾಕಬೇಕೋ ತಿಳಿಯದೆ, "ಆ ಹಳೇ ಡಬ್ಬಿ ಕೊಡಿ," ಎಂದಳು.

ಒಲೆಯ ಮೇಲೆ ಒಂದೇ ಲೋಟ ನೀರಿನಲ್ಲಿ ಈಗಿನ ಹಿಟ್ಟು ಕಾಸಿದಳು. ಗಂಜಿ ಗಟ್ಟಿ ಮುದ್ದೆಯಾಗಿ, ಚಮಚವನ್ನೇ ಹಿಡಿದು ಕೂತಿತು. ಉರಿ ಆರಿಸಿ, ಕೊಂಚ ಆರಲು ಬಿಟ್ಟು, ಡಬ್ಬಿಯ ತಳದಿಂದ ಒಂದು ಚಮಚ ಮೊಳಕೆ ಹಿಟ್ಟು ಕಲಸಿದಳು. ನೀರಿನ ಲೋಟಕ್ಕೆ ಕೈ ಚಾಚಿದ ಅತ್ತೆಯನ್ನು ತಡೆದಳು. ಇಬ್ಬರೂ ಬಗ್ಗಿ ನೋಡುತ್ತ ನಿಂತರು. ಪಾತ್ರೆಯ ಅಂಚಿನಲ್ಲಿ ಮೊದಲು ಮಿನುಗು ಕಾಣಿಸಿತು. ಆಮೇಲೆ ಮುದ್ದೆ ತಾನಾಗಿಯೇ ಸಡಿಲವಾಯಿತು, ಜಾರಿತು, ಅಗಲವಾಯಿತು. ಒಂದು ತೊಟ್ಟು ನೀರೂ ಬಿದ್ದಿರಲಿಲ್ಲ; ಮೊಳಕೆಯಲ್ಲಿದ್ದ ಕಿಣ್ವವೇ ಗಟ್ಟಿ ಪಿಷ್ಟವನ್ನು ಕರಗಿಸಿತ್ತು. ಮತ್ತೊಂದು ಕುದಿ ಬರಿಸಿ ಚಮಚ ಎತ್ತಿದಾಗ ನೂಲು ಇಳಿಯಿತು.

"ಅಯ್ಯೋ, ಇದರ ಮನೆ ಹಾಳಾಗ," ಎಂದರು ಅತ್ತೆ.

ಗುಂಡ ಬಟ್ಟಲು ಮುಗಿಸುತ್ತ ಬಂದು, ಎರಡು ತಿಂಗಳಲ್ಲಿ ಮೊದಲ ಬಾರಿಗೆ ಅರ್ಧ ಚಮಚ ಉಳಿಸಿ, ಬಾಯಿ ಬಿಗಿದು ಮುಖ ತಿರುಗಿಸಿದ. ಇನ್ನೂ ಏಳು ದಿನವಿತ್ತು.

ಬೆಳಿಗ್ಗೆ ಸೊಸೆ ಎಲ್ಲರಿಗಿಂತ ಮೊದಲು ಎದ್ದು, ತಾನು ಯಾರಿಗೂ ಹೇಳದೆ ಹಿಂದಿನ ಸಂಜೆ ನೆನೆಸಿಟ್ಟ ಕಾಳನ್ನು ಬಟ್ಟೆಗೆ ಕಟ್ಟಲು ಅಡುಗೆಮನೆಗೆ ಬಂದಳು. ಕಟ್ಟೆಯ ಮೇಲೆ ಅವಳ ಪಾತ್ರೆ ಇತ್ತು. ಅದರ ಹಿಂದೆ, ಗೋಡೆಗೆ ಒತ್ತಿಕೊಂಡು, ಒದ್ದೆ ಬಟ್ಟೆ ಮುಚ್ಚಿದ ಇನ್ನೊಂದು ಪಾತ್ರೆಯೂ ಇತ್ತು.