ಭಾವನ ಎಂಟು ಬಣ್ಣ

ನಮ್ಮೂರ ಗ್ರಂಥಾಲಯದ ಇಪ್ಪತ್ತು ಕಂಪ್ಯೂಟರುಗಳಿಗೂ ಕೇಬಲ್ ಎಳೆದವನು ನನ್ನ ಅಕ್ಕನ ಗಂಡ. ಏನೇ ಕೆಟ್ಟರೂ ಅವನೇ ಬರಬೇಕು. ನಾನು ಅಲ್ಲಿಗೆ ಟೆಕ್ನಿಷಿಯನ್ ಆಗಿ ಸೇರಿ ಎರಡು ತಿಂಗಳಾಗಿತ್ತು. ಮೂರು ತುಂಬಿದಾಗ ಕೆಲಸ ಕಾಯಂ ಆಗಬೇಕು. ಲೈಬ್ರರಿಯನ್ ಮೇಡಂ ಮುಲಾಜಿಲ್ಲದೆ ಹೇಳಿದ್ದರು: "ಪ್ರತಿ ಸಲ ನಿಮ್ಮ ಭಾವನೇ ಬರೋದಾದ್ರೆ ನೀವ್ಯಾಕಮ್ಮ?"

ಮಾತು ತಪ್ಪಲ್ಲ. ನಾನು ಯಾವ ಕೇಬಲ್ಲಿನ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದರೂ ಅದು ಸತ್ತೇ ಇರುತ್ತಿತ್ತು. ಭಾವ ಬಂದು, ಬೆನ್ನು ತಿರುಗಿಸಿ ಕೂತು, ಎರಡು ನಿಮಿಷ ಏನೋ ಮಾಡಿ, ಕನೆಕ್ಟರಿಗೆ ಕಪ್ಪು ಟೇಪು ಸುತ್ತುತ್ತಿದ್ದ. ಕಂಪ್ಯೂಟರಿನ ಹಸಿರು ದೀಪ ಮಿನುಗುತ್ತಿತ್ತು.

"ಕೈಗುಣ ಕಣಮ್ಮಾ. ಕಲಿಸಿದ್ರೆ ಬರಲ್ಲ."

"ಟೇಪು ಯಾಕೆ ಭಾವ?"

"ಧೂಳು."

ಧೂಳಂತೆ! ಅವನ ಮನೆಯ ಫ್ಯಾನಿನ ಮೇಲೆ ಬೆರಳಲ್ಲಿ ಕಾಗದ ಬರೆಯಬಹುದು.

ಒಂದು ರಜಾದಿನ ಒಬ್ಬಳೇ ಹೋಗಿ ಟೇಪು ಬಿಚ್ಚಿದೆ. ಕನೆಕ್ಟರಿನ ಪ್ಲಾಸ್ಟಿಕ್ಕು ಗಾಜಿನಂಥದು, ಒಳಗಿನ ಎಂಟು ವೈರುಗಳ ಬಣ್ಣ ನಿಚ್ಚಳವಾಗಿ ಕಾಣುತ್ತದೆ. ಯಾವ ಪಿನ್ನಿಗೆ ಯಾವ ಬಣ್ಣ ಎಂಬುದಕ್ಕೆ ನಾವು ಕಲಿತ ಕ್ರಮವಿದೆ: ಮೊದಲು ಬಿಳಿ-ಕಿತ್ತಳೆ, ಕೊನೆಗೆ ಕಂದು. ಭಾವ ಕಂದಿನಿಂದ ಶುರುಮಾಡಿ ಹಿಂದುಮುಂದಾಗಿ ಜೋಡಿಸಿದ್ದ. ಎರಡೂ ತುದಿಯಲ್ಲಿ ಒಂದೇ ಕ್ರಮವಿದ್ದರೆ ಕೇಬಲ್ಲಿಗೆ ತಕರಾರಿಲ್ಲ. ಒಂದು ತುದಿಯನ್ನು ಮಾತ್ರ ಯಾರಾದರೂ ಸರಿಯಾಗಿ ಹಾಕಿದರೆ ಕೆಡುತ್ತದೆ. ಸರಿಯಾಗಿ ಹಾಕಿದವಳೇ ಪೆದ್ದಿ.

ಅಕ್ಕನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಇಪ್ಪತ್ತು ಕೇಬಲ್, ನಲವತ್ತು ತುದಿ. ಸಂಜೆಯೊಳಗೆ ಹೆಬ್ಬೆರಳಿಗೆ ಬೊಬ್ಬೆ ಬಂತು, ಎಲ್ಲವೂ ಸರಿಯಾದ ಕ್ರಮಕ್ಕೂ ಬಂತು. ಮತ್ತೆ ಕಪ್ಪು ಟೇಪು ಸುತ್ತಿಟ್ಟೆ, ಭಾವನಿಗಿಂತ ಅಚ್ಚುಕಟ್ಟಾಗಿ.

ಮುಂದಿನ ವಾರ ಓದುವ ಕೋಣೆಯಲ್ಲಿ ಒಂದು ಕನೆಕ್ಟರ್ ಮುರಿಯಿತು. ಅಂದರೆ, ನಾನೇ ಮುರಿದೆ. ಮೇಡಂ ಭಾವನನ್ನು ಕರೆಸಿ ಪಕ್ಕದಲ್ಲೇ ನಿಂತರು.

ಭಾವ ಕತ್ತರಿಸಿದ, ಜೋಡಿಸಿದ, ಕ್ರಿಂಪರ್ ಇಕ್ಕಳದಲ್ಲಿ ಒತ್ತಿದ, ಕಂಪ್ಯೂಟರಿಗೆ ಚುಚ್ಚಿದ. ದೀಪವಿಲ್ಲ. ಇನ್ನೊಂದು ಹಾಕಿದ. ಇಲ್ಲ. ಮೂರನೆಯದಕ್ಕೆ ಕಿವಿ ಕೆಂಪಾಯಿತು.

"ಯಾರೋ ನನ್ನ..." ಎಂದ.

"ನಿಮ್ಮ ಏನು?" ಮೇಡಂ ಕೇಳಿದರು.

ಕ್ರಮ ಬದಲಾಗಿದೆ ಎನ್ನಬೇಕಾದರೆ, ಕಳ್ಳ ಕ್ರಮವೊಂದು ಇತ್ತೆಂದು ಒಪ್ಪಬೇಕು. ಭಾವ ನನ್ನ ಮುಖ ನೋಡಿದ. ನಾನು ಸೂರು ನೋಡಿದೆ.

"ಕ್ರಿಂಪರ್ ಸರಿಯಿಲ್ಲ," ಎಂದ.

"ಇಲ್ಲಿ ಕೊಡಿ ಭಾವ."

ತುದಿ ಕತ್ತರಿಸಿ, ಕಲಿತ ಕ್ರಮದಲ್ಲೇ ಜೋಡಿಸಿ, ಅದೇ ಕ್ರಿಂಪರಿನಲ್ಲಿ ಒತ್ತಿ ಚುಚ್ಚಿದೆ. ಹಸಿರು ದೀಪ.

"ಕ್ರಿಂಪರ್ ಚೆನ್ನಾಗೇ ಇದೆಯಲ್ಲ!" ಎಂದರು ಮೇಡಂ. "ನಿಮ್ಮ ಕಾಯಂ ಆರ್ಡರು ನಾಳೆ ಟೈಪ್ ಮಾಡಿಸ್ತೀನಮ್ಮ. ಪಾಪ, ಇವರಿಗ್ಯಾಕೆ ಸುಮ್ಮನೆ ಓಡಾಟ?"

ಭಾವ ಅಭ್ಯಾಸಬಲದಿಂದ ಟೇಪಿನ ಸುರುಳಿ ಚಾಚಿದ.

"ಬೇಡ ಭಾವ, ಧೂಳು ನಾನೇ ಒರೆಸ್ಕೋತೀನಿ."

ಮೆಟ್ಟಿಲಿಳಿಯುವಾಗ ಗೊಣಗಿದ: "ನಾನೇ ಕಲಿಸ್ದೆ ಅಂತ ನಿಮ್ಮಕ್ಕಂಗೆ ಹೇಳ್ತೀಯಾ?"

"ಅದೆಂಗೆ ಹೇಳ್ಲಿ? ಕೈಗುಣ ಅಲ್ವಾ?"