ಇಂಚು ಕೊಡಿ

ನಿಘಂಟು ಕಚೇರಿಯಲ್ಲಿ ಹದಿನೆಂಟು ವರ್ಷದಿಂದ ಪದಗಳಿಗೆ ಅರ್ಥ ಬರೆಯುತ್ತಿದ್ದವಳನ್ನು ಎಲ್ಲರೂ ಪದಮ್ಮ ಎಂದೇ ಕರೆಯುತ್ತಿದ್ದರು. ಆ ಬೆಳಿಗ್ಗೆ ಅವಳ ಪಾಲಿಗೆ ಬಂದದ್ದು ‘ಇಂಚು’. ಒಂದು ಅಡಿಯ ಹನ್ನೆರಡನೇ ಒಂದು ಪಾಲು ಎಂದು ಬರೆದಳು. ಜಗಳಗಂಟರ ‘ಒಂದಿಂಚೂ ಬಿಡಲ್ಲ’, ಹುಡುಕಿ ಸುಸ್ತಾದವರ ‘ಇಂಚಿಂಚೂ ಜಾಲಾಡಿದೆ’ ಎರಡನ್ನೂ ಸೇರಿಸಿದಳು. ಅಲ್ಲಿಗೆ ಮುಗಿಯಿತೆಂದು ಪೆನ್ನಿನ ಮುಚ್ಚಳ ಹಾಕಿದಳು.

ಅಷ್ಟರಲ್ಲಿ ಕಚೇರಿಯ ಕಬ್ಬಿಣದ ಬೀರುವನ್ನು ಕೆಳಗಿಳಿಸಲು ನಾಲ್ವರು ಹಮಾಲರು ಬಂದರು. ಬೀಗ ಕೆಟ್ಟಿದ್ದರಿಂದ ಒಳಗಿದ್ದ ಕಾಗದದ ಕಟ್ಟುಗಳನ್ನು ತೆಗೆಯುವ ಹಾಗೂ ಇರಲಿಲ್ಲ. ಅವರ ಜೊತೆಗಿದ್ದ ಮೇಸ್ತ್ರಿ ಊದಿದರೆ ಹಾರಿಹೋಗುವಂಥ ಮುದುಕ. ‘ಇವನೇನು ಇಳಿಸಿಯಾನು’ ಎಂದುಕೊಂಡು ಪದಮ್ಮ ಬಾಗಿಲಿಗೆ ಬಂದಳು.

ಮುದುಕ ಹಗ್ಗ ಬಿಗಿದ ಬೀರುವಿನ ಮೇಲೆ ಅಂಗೈಯಿಟ್ಟು ಮೆಲ್ಲಗೆ, “ಇಂಚು” ಎಂದ. ನಾಲ್ವರ ಉಸಿರೂ ಒಟ್ಟಿಗೆ ಹೊರಬಿತ್ತು, ಬೀರು ಸರಿಯಿತು. ಮತ್ತೆ “ಇಂಚು”. ಮೆಟ್ಟಿಲ ತಿರುವಿನಲ್ಲಿ, ಕೆಳಗೆ ಭಾರ ಹೊತ್ತಿದ್ದ ಅವನ ಅಳಿಯನ ಬೆರಳುಗಳು ಗೋಡೆಗೂ ಬೀರುವಿಗೂ ನಡುವೆ ಸಿಕ್ಕಿಕೊಂಡವು. ಅಳಿಯನ ಮುಖ ಬಿಳುಚಿಕೊಂಡಿತು. ಮೇಸ್ತ್ರಿಯ ದನಿ ಮಾತ್ರ ಏರಲಿಲ್ಲ.

“ಅಳಿಯನಿಗೆ ಇಂಚು ಕೊಡಿ.”

ಮೇಲಿದ್ದವರು ಹಗ್ಗ ಜಗ್ಗಿದರು. ಬೀರು ಕೂದಲೆಳೆಯಷ್ಟು ಹಿಂದೆ ಸರಿಯಿತು. ಬೆರಳುಗಳು ಹೊರಬಂದವು, ತರಚಿದ್ದವು, ಆದರೆ ಐದನ್ನೂ ಮಡಚಲು ಬಂತು.

ಅವರು ಸುಧಾರಿಸಿಕೊಳ್ಳುವಾಗ ಪದಮ್ಮ ನೀರಿನ ಚೊಂಬು ತಂದುಕೊಟ್ಟು ಕೇಳಿದಳು: “ಇಂಚು ಅಂದ್ರೆ ಎಷ್ಟು, ಮೇಸ್ತ್ರಿ? ಒಂದ್ಸಲ ಗೇಣು ಸರೀತು, ಒಂದ್ಸಲ ಕೂದಲಷ್ಟು.”

“ನಾಲ್ಕೂ ಜನ ಒಟ್ಟಿಗೆ ತಾಳ್ಕೊಳ್ಳೋವಷ್ಟು, ತಾಯಿ. ಅದಕ್ಕಿಂತ ಹೆಚ್ಚು ಕೇಳಿದ್ರೆ ಯಾರದ್ದಾದ್ರೂ ಕೈ ಹೋಗುತ್ತೆ.”

ಅವಳು ಅದನ್ನು ಹಾಗೇ ಚೀಟಿಯಲ್ಲಿ ಬರೆದು ಸಂಪಾದಕರ ಮುಂದಿಟ್ಟಳು.

“ಯಾವ ಪುಸ್ತಕದಲ್ಲಿದೆ ಈ ಅರ್ಥ?”

“ಮೆಟ್ಟಿಲ ಮೇಲಿದೆ ಸಾರ್. ಬಂದು ನೋಡಿ.”

ಗೊಣಗುತ್ತಲೇ ಬಂದ ಸಂಪಾದಕರು ಬೀರು ನೆಲ ಮುಟ್ಟುವವರೆಗೂ ಅಲ್ಲಾಡಲಿಲ್ಲ. ಚೀಟಿಗೆ ಸಹಿ ಹಾಕಿ, ಮೇಸ್ತ್ರಿಯನ್ನು ಕೇಳಿದರು: “ನಿಮ್ಮ ಕಸುಬಲ್ಲಿ ಇಂಥ ಮಾತು ಇನ್ನೆಷ್ಟಿವೆ?”

ಮುದುಕ ಬೆವರೊರೆಸಿಕೊಂಡು ಅಳಿಯನ ಕಡೆ ನೋಡಿ ನಕ್ಕ. “ಬೇಕಾದಷ್ಟಿವೆ ಸ್ವಾಮಿ. ಎಲ್ಲಾ ಬರೆಯೋ ಹಾಗಿಲ್ಲ.”

ಪದಮ್ಮ ಅವನಿಗೊಂದು ಕುರ್ಚಿ ಎಳೆದು ಹಾಕಿ, ಪೆನ್ನಿನ ಮುಚ್ಚಳ ತೆಗೆದಳು.