ಹಿಂದಿನ ಜೇಬು

ಹಲೀಮಾಳ ಬಲಗೈ ತಲೆಯ ತನಕ ಏರದೆ ಎರಡು ತಿಂಗಳಾಗಿತ್ತು. ತಲೆಯ ಶಾಲಿಗೆ ಪಿನ್ನು ಚುಚ್ಚುವುದು ಎಡಗೈ. ಮಗಳಿಗೆ ಜಡೆ ಹಾಕುವುದೂ ಎಡಗೈ. ಜಡೆ ಓರೆಯಾಗುತ್ತಿತ್ತು. ಮಗಳು ಶಾಲೆಯ ಗೇಟಿನ ಹತ್ತಿರ ಅದನ್ನು ಬಿಚ್ಚಿ ತಾನೇ ಹಾಕಿಕೊಳ್ಳುತ್ತಿದ್ದಳು.

ಅತ್ತಾವರದ ಸ್ಕ್ಯಾನ್ ಸೆಂಟರೊಂದರಲ್ಲಿ ಅವಳು ಆಯಾ. ಗುಡಿಸುವುದು, ಒರೆಸುವುದು ಹೆಸರಿಗೆ. ನಿಜವಾದ ಕೆಲಸ ಎತ್ತುವುದು. ಸೊಂಟ ಮುರಿದವರು, ಬೆನ್ನು ಹಿಡಿದವರು ಗಾಲಿಕುರ್ಚಿಯಲ್ಲಿ ಬರುತ್ತಾರೆ. ಅವರನ್ನು ಎತ್ತಿ ಎಂಆರ್‌ಐ ಮೇಜಿನ ಮೇಲೆ ಮಲಗಿಸಬೇಕು, ಮುಗಿದ ಮೇಲೆ ಇಳಿಸಬೇಕು. ಮೊದಲು ಇಬ್ಬರಿದ್ದರು. ಎರಡು ವರ್ಷದ ಹಿಂದೆ ಆಸ್ಯಮ್ಮ ಕೆಲಸ ಬಿಟ್ಟಳು. ಆ ಜಾಗಕ್ಕೆ ಜನ ಬರುತ್ತಾರೆ, ಬರುತ್ತಾರೆ ಎಂದು ಮ್ಯಾನೇಜರ್ ಕೃಷ್ಣಕಿಶೋರ್ ಹೇಳುತ್ತಲೇ ಇದ್ದ. ಬಂದದ್ದು ಹೊಸ ಮಷೀನು.

ಸೆಂಟರಿನ ಧಣಿ ಡಾಕ್ಟರ್ ಮೋಹನದಾಸ್ ವರ್ಷಕ್ಕೊಮ್ಮೆ ಬಲ್ಮಠದ ಹೋಟೆಲೊಂದರ ಹಾಲಿನಲ್ಲಿ ಬೇರೆ ಡಾಕ್ಟರುಗಳಿಗೆ ಎರಡು ದಿನದ ತರಬೇತಿ ಇಡುತ್ತಿದ್ದರು. ಕೀಲು, ಸ್ನಾಯುಗಳನ್ನು ಅಲ್ಟ್ರಾಸೌಂಡಿನಲ್ಲಿ ನೋಡುವ ಪಾಠ. ಡಾಕ್ಟರುಗಳೂ ಕಲಿಯುತ್ತಲೇ ಇದ್ದೇವೆಂದು ತೋರಿಸಬೇಕು, ಅದಕ್ಕೆ ಅಂಕ ಉಂಟು. ಕೈಯಾರೆ ಮಾಡಿ ನೋಡುವ ಪಾಠ ನಡೆಯದಿದ್ದರೆ ಅಂಕ ಇಲ್ಲ. ಅದನ್ನು ಖಾತ್ರಿ ಮಾಡಲು ವೈದ್ಯ ಮಂಡಳಿಯ ವೀಕ್ಷಕರೊಬ್ಬರು ಕೊನೆಯ ಸಾಲಿನಲ್ಲಿ ಫೈಲು ಹಿಡಿದು ಕೂತಿರುತ್ತಾರೆ.

ಕೈಯಾರೆ ನೋಡಲಿಕ್ಕೆ ಯಾರದಾದರೂ ಮೈ ಬೇಕಲ್ಲ? ಆ ಮೈಗಳು ಕೆಲಸದವರದು, ಪಾಠದಲ್ಲಿ ಅವರ ಹೆಸರು ಮಾಡೆಲ್. ಭುಜಕ್ಕೆ ಹಲೀಮಾ, ಮೊಣಕಾಲಿಗೆ ವಾಚ್‌ಮನ್ ಪ್ರೇಮ್, ಪಾದಕ್ಕೆ ಕ್ಯಾಂಟೀನಿನ ಜಯ. ಅವರಿಗೆ ಮಧ್ಯಾಹ್ನದ ಊಟ, ಹೋಗುವಾಗ ಒಂದು ಬಟ್ಟೆಚೀಲ. ಬರುವುದಿಲ್ಲ ಎನ್ನುವ ಪದ್ಧತಿ ಅಲ್ಲಿರಲಿಲ್ಲ. ಭುಜ ನೋಯುತ್ತದೆ ಎಂದು ಹಲೀಮಾ ಮೊದಲೇ ಹೇಳಿ ನೋಡಿದಳು. ನೋವು ಯಾರಿಗಿಲ್ಲ, ಎರಡೇ ದಿನ ಅಲ್ವಾ, ಎಂದ ಕೃಷ್ಣಕಿಶೋರ್.

ಶನಿವಾರ ಪಾಠ ಮಾಡಲು ಹೊರಗಿನಿಂದ ಬಂದವರು ಡಾಕ್ಟರ್ ಆಶಾಲತಾ. ಚಿತ್ರ ನೋಡುವ ಮೊದಲು ರೋಗಿಯನ್ನು ಕೇಳಿ, ಹೇಗಾಯಿತು ಎಂದು ಕೇಳಿ. ಅದು ಅವರ ಮೊದಲ ಮಾತು. ಅರವತ್ತು ಮಂದಿ ಅದನ್ನು ಬರೆದುಕೊಂಡರು. ಆಮೇಲೆ ಅವರು ಹಲೀಮಾಳ ಕಡೆ ತಿರುಗಿ, ಹಿಂದಿನ ಜೇಬಿಗೆ ಕೈ ಹಾಕಿದ ಹಾಗೆ ಮಾಡಿ ಎಂದರು.

ಭುಜದ ಪಾಠ ಶುರುವಾಗುವುದೇ ಹಾಗೆ. ಕೈ ಹಿಂದೆ ಹೋದರೆ ಎಲುಬಿನಡಿ ಅಡಗಿದ ಸ್ನಾಯುವಿನ ನಾರು ಮುಂದೆ ಬಂದು ಪರದೆಯಲ್ಲಿ ಕಾಣುತ್ತದೆ. ಹಿಂದೆ ಜೇಬಿರುವ ಬಟ್ಟೆಯನ್ನು ಹಲೀಮಾ ಜನ್ಮದಲ್ಲಿ ಹಾಕಿದವಳಲ್ಲ. ಆದರೂ ನಾಲ್ಕು ವರ್ಷದಿಂದ ಆ ಇಲ್ಲದ ಜೇಬಿಗೆ ಕೈ ಹಾಕಿ ಅಭ್ಯಾಸ. ಶಾಲನ್ನು ಎದೆಗೆ ಬಿಗಿದು, ಭುಜವಷ್ಟೇ ತೆರೆದು, ಹಲ್ಲು ಕಚ್ಚಿ ಕೈಯನ್ನು ಹಿಂದಕ್ಕೆ ಸರಿಸಿದಳು.

ಆಶಾಲತಾ ಮಾತು ಅರ್ಧಕ್ಕೆ ನಿಲ್ಲಿಸಿದರು. ದೊಡ್ಡ ಪರದೆಯ ಮೇಲೆ ನಾರು ಇರಬೇಕಾದಲ್ಲಿ ಕಪ್ಪು ತೂತು. ಡಾಕ್ಟರುಗಳು ಕುರ್ಚಿ ಬಿಟ್ಟು ಎದ್ದು ಬಂದು ಮೊಬೈಲಿನಲ್ಲಿ ಚಿತ್ರ ಹಿಡಿದರು. ಯಾರೋ ಬ್ಯೂಟಿಫುಲ್ ಎಂದರು. ಆ ಮಾತು ಅವಳಿಗೆ ಅರ್ಥವಾಗುತ್ತಿತ್ತು. ಮೋಹನದಾಸರ ಮುಖ ಅರಳಿತು. ಇಂಥ ಕೇಸು ಕೇಳಿದರೂ ಸಿಗುವುದಿಲ್ಲ, ನಾಳೆ ಬೆಳಗ್ಗಿನ ಪಾಠ ಪೂರ್ತಿ ಇದರ ಮೇಲೆಯೇ ಎಂದು ಅಲ್ಲೇ ಸಾರಿದರು. ಸಂಜೆಯೊಳಗೆ ಇಪ್ಪತ್ತಾರು ಮಂದಿ ಸರದಿಯಲ್ಲಿ ಬಂದು ಆ ಭುಜವನ್ನು ಒತ್ತಿದರು. ಹೇಗಾಯಿತೆಂದು ಒಬ್ಬರೂ ಕೇಳಲಿಲ್ಲ.

ಕೊನೆಗೆ ಭುಜದ ಜೆಲ್ ಒರೆಸುತ್ತಾ ಟೆಕ್ನಿಶಿಯನ್ ಸ್ಮೃತಿ ತಗ್ಗಿದ ದನಿಯಲ್ಲಿ ಹೇಳಿದಳು.

"ಹಲೀಮಕ್ಕ, ಒಳಗಿನ ನಾರು ತುಂಡಾಗಿದೆ. ಇನ್ನೂ ಎತ್ತಿದ್ರೆ ಕೈ ಹೋದ ಹಾಗೆ. ಆಪರೇಶನ್ ಬೇಕು. ರಿಪೋರ್ಟ್ ಕೇಳಿ. ಕೆಲಸದಲ್ಲಿ ಆದದ್ದು ಅಂತ ಕಾಗದ ಇದ್ರೆ ಖರ್ಚು ಇವರು ನೋಡ್ಲೇಬೇಕು."

ಹಲೀಮಾ ನೇರ ಮ್ಯಾನೇಜರನ ಹತ್ತಿರ ಹೋದಳು. ಅವನಿಗೆ ನಗು ಬಂತು.

"ಮಾಡೆಲ್‌ಗೆ ಎಂತ ರಿಪೋರ್ಟ್ ಮಾರಾಯ್ತಿ? ಇದು ಪಾಠ. ಮಷೀನಿನಲ್ಲಿ ನಿನ್ನ ಹೆಸರೇ ಇಲ್ಲ."

ಅದು ನಿಜ. ಪರದೆಯ ಮೂಲೆಯಲ್ಲಿ ಇದ್ದದ್ದು 'ಮಾಡೆಲ್ 2' ಎಂದು.

ಧಣಿಯ ಹತ್ತಿರ ಹೋದಳು. ಮೋಹನದಾಸ್ ಕಾರಿನ ಬಾಗಿಲು ತೆರೆದವರು, "ನೋಡುವ ಹಲೀಮಾ, ಪ್ರೋಗ್ರಾಂ ಮುಗೀಲಿ," ಎಂದರು. ಆಸ್ಯಮ್ಮನ ಜಾಗಕ್ಕೆ ಜನ ಕೇಳಿದಾಗಲೂ ಅವರು 'ನೋಡುವ' ಎಂದಿದ್ದರು. ಕಾರು ಹತ್ತಿದ ಮೇಲೆ ನೆನಪಾದಂತೆ ಗಾಜು ಇಳಿಸಿದರು. ಸೋಮವಾರ ಬೆಳಿಗ್ಗೆ ಏಳಕ್ಕೇ ಬರಬೇಕು, ಬೆನ್ನಿನ ಸ್ಕ್ಯಾನ್ ಒಂದುಂಟು, ಆಳು ಸ್ವಲ್ಪ ಭಾರ, ಎಂದರು.

ಬಸ್‌ಸ್ಟಾಪಿನಲ್ಲಿ ಪ್ರೇಮ್ ಮತ್ತು ಜಯ ಇದನ್ನೆಲ್ಲ ಕೇಳಿಸಿಕೊಂಡರು. ಪ್ರೇಮ್ ತನ್ನ ಮೊಣಕಾಲು ಸವರಿಕೊಂಡ. ಮೂರು ವರ್ಷದ ಹಿಂದೆ ತನ್ನ ಮೊಣಕಾಲಿನ ಚಿತ್ರವನ್ನೂ ಹೀಗೆಯೇ ಮುತ್ತಿಕೊಂಡು ತೆಗೆದಿದ್ದರು, ಎಂತಕ್ಕೆ ಅಂತ ತಾನು ಕೇಳಲೇ ಇಲ್ಲ, ಎಂದ. ಬಸ್ಸು ಬಂತು. ಮೂವರೂ ಅದನ್ನು ಬಿಟ್ಟರು. ಮಾತಾಡುತ್ತಾ ಅದರ ಹಿಂದೆ ಬಂದದ್ದನ್ನೂ ಬಿಟ್ಟರು.

ಭಾನುವಾರ ಹಾಲ್ ಭರ್ತಿ. ಮಂಚಗಳ ಮೇಲೆ ಮಾಡೆಲ್‌ಗಳು ಸಿದ್ಧ. ಆಶಾಲತಾ ಮೈಕ್ ಹಿಡಿದು ಹಿಂದಿನ ಜೇಬಿನ ಮಾತು ಹೇಳಿದರು. ಹಲೀಮಾಳ ಕೈ ಮಡಿಲಿನಲ್ಲೇ ಇತ್ತು.

"ತುಂಬಾ ನೋವಾ ಅಮ್ಮ?"

"ನೋವು ಉಂಟು ಡಾಕ್ಟ್ರೇ. ಆದ್ರೆ ಅದಕ್ಕಲ್ಲ. ನಿನ್ನೆ ಇಪ್ಪತ್ತಾರು ಜನ ಈ ಭುಜ ಒತ್ತಿದ್ರು. ಒಳಗೆ ಎಂತ ಆಗಿದೆ ಅಂತ ಈ ಹಾಲಿನಲ್ಲಿ ಎಲ್ಲರಿಗೂ ಗೊತ್ತುಂಟು. ನನ್ನ ಕೈಯಲ್ಲಿ ಒಂದು ಕಾಗದ ಇಲ್ಲ. ಆ ಪರದೆಯಲ್ಲಿ ನನ್ನ ಹೆಸರು ಹಾಕಿ. ರಿಪೋರ್ಟ್ ಕೊಡಿ. ಆಮೇಲೆ ಕೈ ಹಿಂದೆ ಹಾಕ್ತೇನೆ."

ಮೋಹನದಾಸ್ ನಗುತ್ತಲೇ ಬಂದರು. ಅದೆಲ್ಲ ಇಲ್ಲಿ ಮಾತಾಡುದಲ್ಲ ಎಂದು ಹಲ್ಲಿನೆಡೆಯಿಂದ ಹೇಳಿ, ಜಯಳನ್ನು ಈ ಮಂಚಕ್ಕೆ ಬರಲು ಕರೆದರು. ಜಯ ಆಗಲೇ ಕೆಳಗಿಳಿದು ಚಪ್ಪಲಿ ಮೆಟ್ಟುತ್ತಿದ್ದಳು. ಪ್ರೇಮ್ ಮಡಚಿದ್ದ ಪ್ಯಾಂಟನ್ನು ಮೊಣಕಾಲಿನಿಂದ ಕೆಳಗೆ ಇಳಿಸಿದ. ಹಲೀಮಕ್ಕನ ರಿಪೋರ್ಟ್ ಬಾರದೆ ನಮ್ಮ ಕಾಲೂ ಸಿಗುದಿಲ್ಲ ಎಂದು ಜಯ ಯಾರ ಮುಖವನ್ನೂ ನೋಡದೆ ಹೇಳಿದಳು. ಕೊನೆಯ ಸಾಲಿನಲ್ಲಿ ವೀಕ್ಷಕರು ಗಡಿಯಾರ ನೋಡಿಕೊಂಡರು, ಪೆನ್ನಿನ ಕ್ಯಾಪು ತೆಗೆದರು.

ಆಶಾಲತಾ ಅವರ ಮುಖ ಬಾಡಿತ್ತು. ನಿನ್ನೆ ತಾನೇ ಕಲಿಸಿದ ಮೊದಲ ಪಾಠ ಅವರಿಗೆ ಈಗ ನೆನಪಾದಂತಿತ್ತು. ಮಂಚದ ಅಂಚಿಗೆ ಬಂದು ಕೂತರು. "ಇದು ಹೇಗಾಯಿತು ಅಮ್ಮ?" ಎಂದು ಮೈಕನ್ನು ಹಲೀಮಾಳತ್ತ ಚಾಚಿದರು.

ಅಷ್ಟರಲ್ಲಿ ಪರದೆಯ ಮೂಲೆಯಿಂದ 'ಮಾಡೆಲ್ 2' ಅಳಿಸಿಹೋಯಿತು. ಸ್ಮೃತಿ ತಲೆ ತಗ್ಗಿಸಿ ಒಂದೊಂದೇ ಅಕ್ಷರ ಒತ್ತುತ್ತಿದ್ದಳು. ಹಲೀಮಾ. ನಲವತ್ತೇಳು ವರ್ಷ.

"ಪ್ರೇಮ್, ಆ ಮೈಕ್ ಆಫ್ ಮಾಡು," ಎಂದರು ಮೋಹನದಾಸ್. ಸ್ವಿಚ್ಚು ಪ್ರೇಮ್‌ನ ಮಂಚದ ಪಕ್ಕದ ಗೋಡೆಯಲ್ಲಿತ್ತು.

"ಮೊಣಕಾಲು ಸರ್," ಎಂದ ಪ್ರೇಮ್. "ಏಳ್ಲಿಕ್ಕೆ ಆಗುದಿಲ್ಲ."

ಹಲೀಮಾ ಎಡಗೈಯಲ್ಲಿ ಮೈಕ್ ತೆಗೆದುಕೊಂಡಳು.

"ಎತ್ತಿ ಎತ್ತಿ ಆದದ್ದು. ಎರಡು ವರ್ಷದಿಂದ, ಒಬ್ಬಳೇ. ನಾಳೆ ಏಳು ಗಂಟೆಗೂ ಒಬ್ಬರನ್ನು ಎತ್ಲಿಕ್ಕುಂಟಂತೆ. ನಾನು ಎತ್ತುದಿಲ್ಲ. ನಿನ್ನೆ ಎಲ್ಲ ಬರ್ಕೊಂಡಿರಲ್ಲ? ಇದನ್ನೂ ಬರ್ಕೊಳ್ಳಿ."